ನಿಲಂಗಾದ ಮದುವೆಗೆ ಒಯ್ಯದ ಔಷಧ

ನನ್ನ ತಂಗಿಗೆ ಮೊದಲ ಸಲ ಮಿರಗಿ, ಎಂದರೆ ಮೂರ್ಛೆರೋಗ, ಬಂದಾಗ ಆಕೆಗೆ ಐದು ವರ್ಷ, ನನಗೆ ಹತ್ತು. ಆಗ ನಿಜಾಮರ ರಾಜ್ಯ. ಉದಗೀರದ ಪೇಟೆಯಲ್ಲಿ ನಮ್ಮ ಮನೆ. ಮುಂಭಾಗದಲ್ಲಿ ಅಪ್ಪನ ಬಟ್ಟೆ ಅಂಗಡಿ. ಗಿರಾಕಿಗಳು ಮರಾಠಿಯಲ್ಲೋ ದಖನಿಯಲ್ಲೋ ಮಾತಾಡುತ್ತಿದ್ದರು, ಮೂಡಣ ಹಳ್ಳಿಗಳವರು ತೆಲುಗಿನಲ್ಲಿ. ಮನೆಯೊಳಗೆ ನಮ್ಮದು ಕನ್ನಡ. ತಂಗಿ ಇಡೀ ದಿನ ಅಪ್ಪನ ಪಕ್ಕ ಗಾದಿಯ ಮೇಲೆ ಕೂತು ಬಂದವರನ್ನೆಲ್ಲ ನೋಡುತ್ತಿದ್ದಳು. ಸಂಜೆ ಅಡುಗೆಮನೆಗೆ ಬಂದು ಅವರ ಹಾಗೆಯೇ ಮಾಡಿ ತೋರಿಸುತ್ತಿದ್ದಳು. ಒಬ್ಬ ಮುದುಕಿ ಪ್ರತಿ ಸೀರೆಯ ಸೆರಗನ್ನೂ ಕಣ್ಣಿಗೆ ಹತ್ತಿಸಿಕೊಂಡು, “ರಂಗ ಜಾಯೀಲ ಕಾ ರೇ?” ಎಂದು, ಬಣ್ಣ ಹೋದೀತೆಂಬ ಅನುಮಾನದಿಂದ ಕೇಳುತ್ತಿದ್ದಳು. ತಂಗಿ ಅದನ್ನು ಮಾಡಿದಾಗ ಅವ್ವ ರೊಟ್ಟಿ ಬಡಿಯುವುದನ್ನು ಬಿಟ್ಟು ಹಿಟ್ಟಿನ ಕೈಯಲ್ಲೇ ಕಣ್ಣೊರೆಸಿಕೊಂಡು ನಗುತ್ತಿದ್ದಳು.

ಆ ದಿನ ನಾವಿಬ್ಬರೂ ಅಂಗಳದಲ್ಲಿ ಶೇಂಗಾ ಸುಲಿಯುತ್ತಿದ್ದೆವು. ತಂಗಿ ಮೂಗು ಅರಳಿಸಿ, “ಅಕ್ಕಾ, ಎಲ್ಲೋ ಬೆಲ್ಲ ಸುಡಲತ್ತದ” ಅಂದಳು. ಎಲ್ಲೂ ಬೆಲ್ಲ ಸುಡುತ್ತಿರಲಿಲ್ಲ. ಆಕೆಯ ಎಡಗೈಯ ಹೆಬ್ಬೆರಳು ಮಡಚಿಕೊಂಡು ಅಂಗೈಯೊಳಗೆ ಹೋಯಿತು. ಕೈ ಅದುರಿತು, ಬಾಯಿ ಎಡಕ್ಕೆ ಎಳೆಯಿತು, ಆಮೇಲೆ ಇಡೀ ಮೈ ಸೆಟೆದು ಆಕೆ ಶೇಂಗಾದ ರಾಶಿಯ ಮೇಲೆ ಬಿದ್ದಳು. ಅಜ್ಜಿ ಓಡಿ ಬಂದು ಚಪ್ಪಲಿ ಮೂಸಿಸಿದಳು, ಕೈಯಲ್ಲಿ ಬೀಗದ ಕೈ ಹಿಡಿಸಿದಳು.

ಮುಂದಿನ ಒಂದೂವರೆ ವರ್ಷ ಮಾಡಿದ್ದೆಲ್ಲ ಹೇಳುವುದಿಲ್ಲ. ಮಠದ ಅಯ್ಯನವರು ವಿಭೂತಿ ಕೊಟ್ಟರು, ದರ್ಗಾದಿಂದ ತಾಯತ ಬಂತು, ಹಕೀಮರ ಪುಡಿಯನ್ನು ಜೇನಿನಲ್ಲಿ ಕಲಸಿ ನೆಕ್ಕಿಸಿದೆವು. ಮಿರಗಿ ಬರುತ್ತಲೇ ಇತ್ತು. ಕೊನೆಗೆ ಯಾರೋ ಹೇಳಿದರೆಂದು ಅಜ್ಜಿ ಜಳಕೋಟದ ಕಡೆಯಿಂದ ಬರೆ ಹಾಕುವವನನ್ನು ಕರೆಸಿದಳು. ಅಂವ ಕುಡುಗೋಲಿನ ತುದಿ ಕಾಯಿಸಿ ತಂಗಿಯ ಹುಬ್ಬುಗಳ ಮೇಲೆ ಎರಡು ಬರೆ ಎಳೆದ. ಕಾಲು ಹಿಡಿದುಕೊಂಡವಳು ನಾನು. “ಅಕ್ಕಾ, ನಾ ಏನ್ ಮಾಡೀನಿ? ನಾ ಏನ್ ತಪ್ಪ ಮಾಡೀನಿ ಹೇಳ?” ಎಂದು ಆಕೆ ಕೂಗಿದಳು. ಅಜ್ಜಿ ಸೆರಗು ಬಾಯಿಗೆ ತುರುಕಿಕೊಂಡು ಹೊರಗೆ ಹೋದಳು. ನಾಲ್ಕೇ ದಿನಕ್ಕೆ, ಬರೆಯ ಗಾಯ ಇನ್ನೂ ಹಸಿಯಿರುವಾಗಲೇ, ಮತ್ತೆ ಮಿರಗಿ ಬಂತು. ಆವತ್ತು ಅಪ್ಪ ಅಂಗಡಿಯ ಬಾಗಿಲು ಹಾಕಿ ಆಕೆಯನ್ನು ಹೆಗಲ ಮೇಲೆ ಹೊತ್ತು ಸರ್ಕಾರಿ ದವಾಖಾನೆಗೆ ನಡೆದ. ಹಿಂದೆ ನಾನೂ ಅವ್ವನೂ.

ದವಾಖಾನೆಗೆ ಹೈದರಾಬಾದಿನಿಂದ ಹೊಸ ಡಾಕ್ಟರ್ ಸಾಹೇಬರು ಬಂದಿದ್ದರು. ನಡುವಯಸ್ಸಿನವರು, ತೆಳ್ಳಗೆ, ಕನ್ನಡ ಬರುತ್ತಿತ್ತು. ಬರೆಗಳನ್ನು ನೋಡಿದರು, ಬೈಯಲಿಲ್ಲ. ಯಾರ ಕಣ್ಣು ಬಿತ್ತು, ದಾರಿಯಲ್ಲಿ ಏನನ್ನು ದಾಟಿದಳು ಎಂದು ಎಲ್ಲರೂ ಕೇಳಿದ್ದನ್ನು ಅವರು ಕೇಳಲಿಲ್ಲ.

“ಮೊದಲ ಏನಾಗತದ? ಬೀಳೂಕಿಂತ ಮೊದಲ?”

ಅಪ್ಪ ಅವ್ವನ ಮುಖ ನೋಡಿದ. ಅವ್ವನಿಗೂ ಗೊತ್ತಿರಲಿಲ್ಲ. ಬಿದ್ದ ಮೇಲೆ ಓಡಿ ಬಂದವರು ಅವರು.

“ಬೆಲ್ಲ ಸುಟ್ಟ ವಾಸನಿ ಬರ್ತದ ಅಂತಾಳ್ರೀ,” ಎಂದು ನಾನು ಅಂದೆ. “ಆಮ್ಯಾಲ ಎಡಗೈ ಹೆಬ್ಬೆರಳ ಒಳಗ ಹೋಗ್ತದ. ಆಮ್ಯಾಲ ಬಾಯಿ.”

ಅವರು ಲೇಖನಿ ಕೆಳಗಿಟ್ಟು ನನ್ನ ಕಡೆ ತಿರುಗಿದರು. “ಪ್ರತಿ ಸಲಾನೂ ಎಡಗೈಯೇ ಏನು? ಖರೇ ಹೇಳ ಬೇಟಿ.”

“ಹೌದ್ರೀ. ಪ್ರತಿ ಸಲಾ.”

ಅವರು ಎದ್ದು ನಿಂತು ತಮ್ಮ ತಲೆಯ ಬಲಬದಿ ಮುಟ್ಟಿ ತೋರಿಸಿದರು. “ಇದು ದೆವ್ವ ಅಲ್ಲ. ಇಲ್ಲಿ, ಬಲಗಡಿ, ಎಲ್ಲೋ ಒಂದು ಜಾಗಾದಾಗ ಕಿಡಿ ಹತ್ತತದ. ಎಡಗೈ ಈ ಬಲಗಡಿ ಜಾಗಾದ ಮಾತು ಕೇಳತದ. ಕಿಡಿ ಯಾಕ ಹತ್ತತದ ಅನ್ನೂದು ನನಗೂ ಪೂರಾ ಗೊತ್ತಿಲ್ಲ. ಗೊತ್ತು ಮಾಡಕೋಬೇಕಂತ ನೋಡಲತ್ತೀನಿ.”

ಸುತ್ತಲಿನ ಹಳ್ಳಿಗಳಿಂದ ಬರುವ ಇಂಥ ಮಕ್ಕಳ ವಿಷಯವನ್ನೆಲ್ಲ ಅವರು ಒಂದು ದೊಡ್ಡ ಪುಸ್ತಕದಲ್ಲಿ ಉರ್ದುವಿನಲ್ಲಿ ಬರೆದಿಡುತ್ತಿದ್ದರು. ನಾನು ಮಠದಲ್ಲಿ ಅಕ್ಷರ ಕಲಿತಿದ್ದೆನೆಂದು ತಿಳಿದು ನನಗೂ ಒಂದು ಸಣ್ಣ ಪುಸ್ತಕ ಕೊಟ್ಟರು. ಯಾವ ಹೊತ್ತಿಗೆ ಬಂತು, ಯಾವುದು ಮೊದಲು ಅದುರಿತು, ಹಿಂದಿನ ರಾತ್ರಿ ನಿದ್ದೆ ಆಗಿತ್ತೇ, ಜ್ವರ ಇತ್ತೇ, ಎಷ್ಟು ಹೊತ್ತು ಇತ್ತು ಎಂದು ಬರೆಯಬೇಕು. ಮನೆಯಲ್ಲಿ ಗಡಿಯಾರ ಇರಲಿಲ್ಲ. ಅದಕ್ಕೆ ನಾನು ‘ನಮಃ ಶಿವಾಯ’ ಎಣಿಸುತ್ತಿದ್ದೆ. ವಾರಕ್ಕೊಮ್ಮೆ ಹೋಗಿ ಓದಿ ಹೇಳುತ್ತಿದ್ದೆ, ಅವರು, “ಈ ಸಲ ಎಷ್ಟು ನಮಃ ಶಿವಾಯ?” ಎಂದು ಗಂಭೀರವಾಗಿ ಕೇಳಿ ಬರೆದುಕೊಳ್ಳುತ್ತಿದ್ದರು. ಅಮಾವಾಸ್ಯೆ ಹುಣ್ಣಿಮೆಗೆ ಮಿರಗಿ ಜಾಸ್ತಿ ಎಂದು ಅಜ್ಜಿಯ ನಂಬಿಕೆ. ನನ್ನ ಬರಹದಲ್ಲಿ ಹಾಗೇನೂ ಕಾಣಲಿಲ್ಲ. ನಿದ್ದೆಗೆಟ್ಟ ಮರುದಿನ ಮಾತ್ರ ಹೆಚ್ಚಾಗಿ ಬರುತ್ತಿತ್ತು. ಉಳಿದ ಮಕ್ಕಳ ವಿಷಯದಲ್ಲೂ ತಮಗೆ ಹಾಗೇ ಕಂಡಿದೆ ಎಂದು ಅವರು ಹೇಳಿದಾಗ ನನಗೆ ನೆಲ ಕಾಣದಷ್ಟು ಹಿಗ್ಗು. ಈಗ ಬರೆಯಲು ನಾಚಿಕೆಯಾಗುತ್ತದೆ: ಒಂದು ವಾರ ಮಿರಗಿ ಬರದಿದ್ದರೆ, ಓದಿ ಹೇಳಲು ಏನೂ ಇಲ್ಲವಲ್ಲ ಎಂದು ನನ್ನ ಮನಸ್ಸಿನ ಮೂಲೆಯಲ್ಲಿ ಬೇಸರವಾಗುತ್ತಿತ್ತು.

ಔಷಧ ಉಪ್ಪುಪ್ಪಾದ ನೀರು. ಬ್ರೋಮೈಡ್ ಎಂಬ ಹೆಸರು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ದಿನಕ್ಕೆ ಮೂರು ಹೊತ್ತು ಕುಡಿಸಬೇಕು. ಶೀಶೆ ನನ್ನ ಸುಪರ್ದಿಗೆ ಬಂತು. ಎರಡು ತಿಂಗಳಲ್ಲಿ ಮಿರಗಿ ಅಪರೂಪವಾಯಿತು, ಮತ್ತೆರಡು ತಿಂಗಳಲ್ಲಿ ನಿಂತೇಹೋಯಿತು. ಅವ್ವ ಹೋಳಿಗೆ ಮಾಡಿ ಡಾಕ್ಟರ್ ಸಾಹೇಬರ ಮನೆಗೆ ಕಳಿಸಿದಳು.

ಆದರೆ ತಂಗಿಯೂ ನಿಂತುಹೋದಳು. ಮುಖದ ತುಂಬ ಕೆಂಪು ಮೊಡವೆಗಳೆದ್ದವು. ಕರೆದರೆ ತಡೆದು ತಿರುಗಿ ನೋಡುತ್ತಿದ್ದಳು, ರೊಟ್ಟಿ ಬಾಯಲ್ಲಿಟ್ಟುಕೊಂಡು ಅಗಿಯುವುದನ್ನೇ ಮರೆಯುತ್ತಿದ್ದಳು. ಗಾದಿಯ ಮೇಲೆ ಗೋಡೆಗೊರಗಿ ತೂಕಡಿಸುತ್ತಿದ್ದಳು. ಆ ಮುದುಕಿ ಬಂದು ಸೆರಗು ಕಣ್ಣಿಗೆ ಹತ್ತಿಸಿಕೊಂಡರೂ ಆಕೆ ನೋಡಲಿಲ್ಲ. ಸಂಜೆ ಆಕೆಗಾಗಿ ನಾನೇ ಮುದುಕಿಯಂತೆ ಮಾಡಿ ತೋರಿಸಿದೆ. ನನಗೆ ಬರಲಿಲ್ಲ. ತಂಗಿ ಸ್ವಲ್ಪ ಹೊತ್ತು ನೋಡಿ ನನ್ನ ತೊಡೆಯ ಮೇಲೆ ನಿದ್ದೆ ಹೋದಳು.

“ಆಕಿ ಮಿರಗಿ ಹೋಯ್ತು, ಆಕೀನೂ ಹೋದಳಲ್ರೀ,” ಎಂದು ನಾನು ಡಾಕ್ಟರ್ ಸಾಹೇಬರಿಗೆ ಹೇಳಿದೆ.

“ಔಷಧ ಸ್ವಲ್ಪ ಜಾಸ್ತಿ ಆಗ್ಯಾದ. ಮುಂದಿನ ತಿಂಗಳ ಕಡಿಮಿ ಮಾಡೋಣು. ಅಲ್ಲಿತನಕ ದಿನಾ ಕುಡಸರಿ,” ಅಂದರು.

ಆ ಮುಂದಿನ ತಿಂಗಳು ವೈಶಾಖ. ನಿಲಂಗಾದಲ್ಲಿ ಸೋದರಮಾವನ ಮದುವೆ. ಅವ್ವ ಮೂರು ವಾರ ತವರಿನಲ್ಲಿರುವುದೆಂದು ಗೊತ್ತಾಯಿತು. ಹೊರಡುವ ಹಿಂದಿನ ದಿನ ಅವ್ವ ತಂಗಿಯ ಮುಖಕ್ಕೆ ಕಡಲೆಹಿಟ್ಟು ಹಚ್ಚುತ್ತಾ, “ಮಂದಿ ಏನಂತಾರೋ ನನ್ನ ಕೂಸಿನ ನೋಡಿ,” ಎಂದು ಕಣ್ಣು ತುಂಬಿಕೊಂಡಳು. ಮಾರನೆಯ ದಿನ ಗಾಡಿಗೆ ಗಂಟುಮೂಟೆ ಏರಿಸುವಾಗ ನಾನು ಔಷಧದ ಶೀಶೆಯನ್ನು ಜೋಳದ ಕಣಜದ ಹಿಂದೆ ಇಟ್ಟು ಬಂದೆ. ಮರೆತು ಅಲ್ಲ. ಎರಡು ಕೈಯಲ್ಲಿ ಹಿಡಿದು, ಉರುಳದ ಹಾಗೆ ಗೋಡೆಗೆ ಒತ್ತಿ ಇಟ್ಟೆ.

“ಔಷಧ ಕುಡಿಸಿದೇನ?” ಎಂದು ಅವ್ವ ದಾರಿಯಲ್ಲಿ ಕೇಳಿದಳು.

“ಕುಡಿಸೀನವ್ವಾ.”

ನಿಲಂಗಾ ತಲುಪಿದ ಮೇಲೆ ಅವ್ವನಿಗೆ ಮದುವೆಯ ಕೆಲಸದಲ್ಲಿ ಪುರುಸೊತ್ತಿರಲಿಲ್ಲ. ನನ್ನ ಮೇಲೆ ಪೂರ್ತಿ ನಂಬಿಕೆ. ಎಂಟು ದಿನವಾಗುವಷ್ಟರಲ್ಲಿ ತಂಗಿಯ ಕಣ್ಣಿಗೆ ಬೆಳಕು ಬಂತು. ಮದುವೆಯ ದಿನ ಬೀಗರ ಕಡೆಯ ಒಬ್ಬ ದಪ್ಪ ಹಿರಿಯರು ರುಮಾಲು ಸರಿಮಾಡಿಕೊಳ್ಳುತ್ತಾ ಊಟದ ಪಂಕ್ತಿಯಲ್ಲಿ ತುಪ್ಪಕ್ಕಾಗಿ ಗದರಿದ್ದನ್ನು ಆಕೆ ನೋಡಿದ್ದಳು. ಮಧ್ಯಾಹ್ನ ಹೆಂಗಸರ ನಡುವೆ ನಿಂತು, ತಲೆಗೆ ಚಾದರ ಸುತ್ತಿಕೊಂಡು, ಹೊಟ್ಟೆ ಮುಂದೆ ಚಾಚಿ, “ತುಪ್ಪ ಬಡಿಸೂದಂದ್ರ ದೇವರಿಗೆ ನೀರು ಹನಿಸೂದಂತ ತಿಳಿದೀರೇನು?” ಎಂದು ಗುಡುಗಿದಳು. ಇಡೀ ಪಡಸಾಲೆ ಬಿದ್ದು ಬಿದ್ದು ನಕ್ಕಿತು. ಅವ್ವ ಬಂದು ಆಕೆಯನ್ನು ಬಾಚಿ ಎತ್ತಿಕೊಂಡು, “ನನ್ನ ಕೂಸು ತಿರಗಿ ಬಂತು, ನೋಡ್ರೇ,” ಎಂದು ಎಲ್ಲರಿಗೂ ಹೇಳಿದಳು. ನನ್ನ ಜೀವಮಾನದಲ್ಲಿ ಅಷ್ಟು ಸಂತೋಷದ ದಿನ ಬೇರೆ ಇಲ್ಲ. ಅದನ್ನು ನಾನೇ ಮಾಡಿದ್ದೆ.

ಮದುವೆ ಮುಗಿದು ಅಪ್ಪ ಉದಗೀರಕ್ಕೆ ಮರಳಿದ. ಅದಾಗಿ ಆರನೆಯ ದಿನ ಬೆಳಿಗ್ಗೆ, ತಂಗಿ ಹಾಲು ಕುಡಿಯುತ್ತಾ, “ಅಕ್ಕಾ, ಬೆಲ್ಲ…” ಅಂದಳು.

ಒಂದು ಮುಗಿದು ಆಕೆ ಕಣ್ಣು ತೆರೆಯುವ ಮೊದಲೇ ಇನ್ನೊಂದು ಬಂತು. ಅದರ ಹಿಂದೆ ಮತ್ತೊಂದು. ನಾನು ನಮಃ ಶಿವಾಯ ಎಣಿಸತೊಡಗಿ ಲೆಕ್ಕ ತಪ್ಪಿದೆ.

“ಬಾಯಾಗ ಔಷಧ ಹಾಕ! ಏನ್ ನೋಡ್ಕೋತ ನಿಂತಿ?” ಎಂದು ಅವ್ವ ಚೀರಿದಳು.

“ಮುಂಜಾನಿ ಕುಡಿಸಿದ್ದೇ ಕಡೀದು. ಔಷಧ ತೀರ್ಯಾದವ್ವಾ,” ಅಂದೆ.

ಮಾವ ಗಾಡಿ ಹೂಡಿದ. ಉದಗೀರದ ದವಾಖಾನೆಯೊಂದೇ ನಮಗೆ ಗೊತ್ತಿದ್ದ ದಿಕ್ಕು. ಅವ್ವ ತಂಗಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು, ನಾನು ಒದ್ದೆ ಬಟ್ಟೆಯಿಂದ ತುಟಿಯ ನೊರೆ ಒರೆಸುತ್ತಿದ್ದೆ. ಮಾವ ಎತ್ತುಗಳನ್ನು ಹೊಡೆದೇ ಹೊಡೆದ. ಬಿಸಿಲು ಏರಿತು. ಮಾಂಜ್ರಾ ನದಿಯ ದಂಡೆಗೆ ಬಂದಾಗ ಮಧ್ಯಾಹ್ನ ಇಳಿಯುತ್ತಿತ್ತು. ಹೊಳೆಯಲ್ಲಿ ಮೊಣಕಾಲುದ್ದ ನೀರು. ಅಲ್ಲಿ ಆಕೆಯ ಅದುರುವಿಕೆ ನಿಂತಿತು. “ಅವ್ವಾ, ನಿಂತ್ತು!” ಎಂದು ನಾನು ಕೂಗಿದೆ. ಅವ್ವ ತಂಗಿಯ ಎದೆಯ ಮೇಲೆ ಕೈಯಿಟ್ಟು ಹಾಗೇ ಕೂತಳು. ಸ್ವಲ್ಪ ಹೊತ್ತಿನ ಮೇಲೆ ಮಾವನಿಗೆ, “ಇನ್ನ ಎತ್ತ ಹೊಡೀಬ್ಯಾಡ, ತಮ್ಮಾ,” ಅಂದಳು.

ಉದಗೀರದ ಹೊರಗೆ ನಮ್ಮ ಹೊಲದಲ್ಲಿ ಆಕೆಯನ್ನು ಕೂಡಿಸಿ, ಎಡ ಅಂಗೈಯಲ್ಲಿ ಲಿಂಗವಿಟ್ಟು ಮಣ್ಣು ಮಾಡಿದರು. ಹಣೆಗೆ ವಿಭೂತಿ ಹಚ್ಚುವಾಗ ಬರೆಯ ಎರಡು ಗುರುತುಗಳ ಮೇಲೆ ಅಪ್ಪನ ಬೆರಳು ನಿಂತು ನಿಂತು ಸರಿಯಿತು. ಮನೆಗೆ ಬಂದು, ಯಾರೂ ಇಲ್ಲದ್ದನ್ನು ನೋಡಿ, ಕಣಜದ ಹಿಂದಿನ ಶೀಶೆ ತೆಗೆದು ಔಷಧವನ್ನು ಬಚ್ಚಲಿಗೆ ಸುರಿದೆ.

ಒಂದು ತಿಂಗಳ ಮೇಲೆ ಪುಸ್ತಕ ಮರಳಿಸುವ ನೆಪದಲ್ಲಿ ದವಾಖಾನೆಗೆ ಹೋಗಿ ಡಾಕ್ಟರ್ ಸಾಹೇಬರಿಗೆ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಈ ಔಷಧ ಒಮ್ಮಿಂದೊಮ್ಮೆಲೆ ಬಿಡಸಬಾರದು. ಬಿಡಿಸಿದರ ಮಿರಗಿ ಮೊದಲಿನಕಿಂತ ಜೋರ ಬರತದ. ಇದು ನನಗ ಗೊತ್ತಿತ್ತು ಬೇಟಿ. ದಿನಾ ಕುಡಸರಿ ಅಂದೆ. ಬಿಟ್ಟರ ಏನಾಗತದ ಅನ್ನೂದು ಹೇಳಲಿಲ್ಲ. ನೀವು ಅಂಜತೀರಂತ ಹೇಳಲಿಲ್ಲ.”

ನಾನು ಅಳುತ್ತಿದ್ದೆ. ಅವರು ಸಮಾಧಾನ ಮಾಡಲಿಲ್ಲ. ತಮ್ಮ ದೊಡ್ಡ ಪುಸ್ತಕ ತೆರೆದು, “ಎಷ್ಟನೇ ದಿನಕ್ಕ ಚುರುಕಾದಳು? ಎಷ್ಟನೇ ದಿನಕ್ಕ ಬಂತು? ನೆನಪ ಮಾಡಿ ಹೇಳ,” ಅಂದರು. ಹೇಳಿದೆ. ಬರೆದುಕೊಂಡರು. ಆಗ ನನಗೆ ಅವರ ಮೇಲೆ ಹುಚ್ಚು ಸಿಟ್ಟು ಬಂತು. ನನ್ನ ತಂಗಿ ಅವರ ಕಾಗದದ ಮೇಲೆ ನಾಲ್ಕು ಸಾಲು ಆದಳಲ್ಲ ಎಂದು. ಎದ್ದು ಬಂದುಬಿಟ್ಟೆ. ಮುಂದೆ ಅಜ್ಜಿಯ ಕಣ್ಣಿನ ಔಷಧಕ್ಕೆಂದು ಅಲ್ಲಿಗೆ ಹೋದಾಗ, ವರಾಂಡದಲ್ಲಿ ಶಿರೂರ ಅನಂತಪಾಳದ ಕಡೆಯ ಒಬ್ಬ ತಾಯಿಗೆ ಅವರು ಮರಾಠಿಯಲ್ಲಿ ಹೇಳುತ್ತಿದ್ದುದು ಕೇಳಿಸಿತು: ಮದುವೆಯಿರಲಿ, ಊರಿಗೆ ಹೋಗುವುದಿರಲಿ, ಶೀಶೆ ಜೊತೆಗಿರಬೇಕು, ಮಗು ಮಂಕಾದರೆ ನನ್ನ ಹತ್ತಿರ ತನ್ನಿ, ನೀವಾಗಿ ನಿಲ್ಲಿಸಬೇಡಿ, ನಿಲ್ಲಿಸಿದರೆ ಸಾಯಬಹುದು. ಆ ಹೆಂಗಸು ಹೆದರಿ ಮಗುವನ್ನು ಅಪ್ಪಿಕೊಂಡಳು. ಅವರು ಮತ್ತೊಮ್ಮೆ ಮೊದಲಿನಿಂದ ಹೇಳಿದರು.

ಅವ್ವನಿಗೆ ನಾನು ಹೇಳಲಿಲ್ಲ. ಆಕೆಗೆ ಗೊತ್ತಿದ್ದದ್ದು ಒಂದೇ: ಅಂಥ ಬಿಸಿಲಿನಲ್ಲಿ ಕೂಸನ್ನು ಮದುವೆಗೆ ಒಯ್ದದ್ದು. ತವರಿನ ಆಸೆಗೆ ಒಯ್ದೆ, ಕೊಂದುಕೊಂಡೆ ಎಂದು ಪ್ರತಿ ವೈಶಾಖದಲ್ಲೂ ಅನ್ನುತ್ತಿದ್ದಳು. ನಿಲಂಗಾಕ್ಕೆ ಮತ್ತೆ ಹೋಗಲೇ ಇಲ್ಲ. ತಮ್ಮನ ಮಕ್ಕಳ ಮುಖವನ್ನು ಅವರೇ ಉದಗೀರಕ್ಕೆ ಬಂದಾಗ ನೋಡಿದಳು. ನನ್ನನ್ನು ಉಮರ್ಗಾಕ್ಕೆ ಕೊಟ್ಟಿದ್ದರು. ಅಪ್ಪ ಹೋದ ಮೇಲೆ ಅವ್ವ ಕೊನೆಯ ಎರಡು ವರ್ಷ ನನ್ನ ಮನೆಯಲ್ಲೇ ಇದ್ದಳು. ಒಂದು ಮಧ್ಯಾಹ್ನ ಆಕೆ ತಾನಾಗಿಯೇ, “ನೀ ಆಕೀಗಿ ಎಷ್ಟ ನೋಡಿಕೊಂಡಿ, ಯವ್ವಾ. ಒಂದ ಹೊತ್ತೂ ಔಷಧ ತಪ್ಪಿಸಲಿಲ್ಲ,” ಎಂದು ನನ್ನ ಕೈ ಸವರಿದಳು.

ಬಾಯಿ ತೆರೆದೆ. ಆಕೆಯ ಭಾರ ನನ್ನದು, ಅದನ್ನು ಇಳಿಸುವುದು ಒಂದೇ ಮಾತಿನ ಕೆಲಸ. ಆದರೆ ಆ ಕೈ ನನ್ನ ಕೈಮೇಲೆ ಇತ್ತು. ಅದು ಎದ್ದು ಹೋದೀತೆಂದು ಹೆದರಿ ನಾನು ಸುಮ್ಮನಿದ್ದೆ.