ಆ ಪೀಪಾಯಿ ಹುಳಿಯಾಗಿತ್ತು, ಗುರಣ್ಣ

ಅಂದು ನಿಮ್ಮ ನಾಲಿಗೆ ತಪ್ಪಿರಲಿಲ್ಲ, ಗುರಣ್ಣ. ಆ ಏಲ್ ಬಿಯರು ಹುಳಿಯಾಗಿತ್ತು. ನನಗೂ ಗೊತ್ತಾಗಿತ್ತು — ಗೊತ್ತಾದ ಮೇಲೂ ಇಲ್ಲವೆಂದೆ.

ಎರಡು ವರ್ಷವಾಯಿತು. ಈ ಪರದೇಶದ ಊರು ಮಿಲ್ಪಿಟಾಸ್‌ನಲ್ಲಿ ಎದುರುಬದುರು ಮನೆ ನಮ್ಮದು. ನೀವು ಧಾರವಾಡದವರು, ನಾನು ಮೈಸೂರಿನವನು. ಶನಿವಾರ ಮಧ್ಯಾಹ್ನ ಪ್ಲೆಸೆಂಟನ್‌ನ ಪಬ್ಬಿಗೆ ಹೋದರೆ ನೀವು ಮೊದಲು ನೋಡುತ್ತಿದ್ದುದು ಕರಿಹಲಗೆಯನ್ನು — ಈ ವಾರ ಯಾವ ನಾಲ್ಕು ಪೀಪಾಯಿ ಬಂದಿವೆ ಎಂದು. ಹೋದ ವಾರ ಮೆಚ್ಚಿದ್ದು ಈ ವಾರ ಇರುತ್ತಿರಲಿಲ್ಲ. ನನಗೆ ಬೇಸರ, ನಿಮಗೆ ಖುಷಿ. "ಹೋದವ್ರು ಹೋದ್ರು. ಬಂದವ್ರನ್ನ ಮಾತಾಡ್ಸೋಣು ಬಾರಲೇ." ಕೈಪಂಪಿನಿಂದ ಎಳೆದುಕೊಟ್ಟ ಗ್ಲಾಸನ್ನು ಕಣ್ಣು ಮುಚ್ಚಿ ಮೂಸುತ್ತಿದ್ದಿರಿ. ಒಂದರಲ್ಲಿ ನಿಮಗೆ ಸುಟ್ಟ ಬೆಲ್ಲದ ಘಮ ಸಿಕ್ಕಿತ್ತು, ಇನ್ನೊಂದರಲ್ಲಿ ಕಿತ್ತಳೆ ಸಿಪ್ಪೆಯದು. ನೀವು ಹೇಳಿದ ಮೇಲೆ ನನಗೂ ಸಿಗುತ್ತಿತ್ತು.

ಆ ಚಳಿಗಾಲದಲ್ಲಿ ಜ್ವರ ಬಂದು ನಿಮ್ಮ ರುಚಿ, ವಾಸನೆ ಎರಡೂ ಹೋದವು. ಐದು ತಿಂಗಳು ನಿಮ್ಮ ಮನೆಯವರು ಸುಧಕ್ಕ ಮಾಡಿದ ಸಾರು ನಿಮಗೆ ಬಿಸಿನೀರಾಗಿತ್ತು. ಆ ಹುಳಿ ಏಲ್ ಕುಡಿದದ್ದು ಅವು ಮರಳಿದ ಮೇಲಿನ ಮೊದಲ ಶನಿವಾರ.

ಕಾಯಂ ಗಿರಾಕಿಗಳಿಗೆ ಸರದಿಯ ಮೇಲೆ ಒಂದು ಪೀಪಾಯಿ ಆರಿಸುವ ಅವಕಾಶ ಅಲ್ಲಿತ್ತು. ಆ ವಾರ ಹಲಗೆಯ ಮೇಲೆ ನನ್ನ ಹೆಸರು. ತೋರಿಸಲೆಂದೇ ಆಫೀಸಿನ ಇಬ್ಬರು ಕನ್ನಡದವರನ್ನು ಕರೆತಂದಿದ್ದೆ. ಆದರೆ ಪೀಪಾಯಿ ತೆರೆದು ನಾಲ್ಕು ದಿನವಾಗಿತ್ತು; ಗಾಳಿ ತಾಗಿದ ಏಲ್ ಹೆಚ್ಚು ದಿನ ತಾಳುವುದಿಲ್ಲ.

ನೀವು ಒಂದು ಗುಟುಕು ಕುಡಿದು ಗ್ಲಾಸು ಇಳಿಸಿದಿರಿ. "ಲೇ ರಮೇಶ, ಇದು ಹುಳಿ ಆಗ್ಯದಲ್ಲೋ! ನಿನ್ನ ಹೆಸರು ಓದೇ ಕೆಟ್ಟಿರಬೇಕು."

ಎಲ್ಲರೂ ನಕ್ಕರು. ನಾನು ಕುಡಿದೆ. ವಿನೆಗರಿನಂಥ ಚುರುಕು ನಾಲಿಗೆಯ ಅಂಚಿಗೆ ತಾಗಿತು.

"ಚೆನ್ನಾಗೇ ಇದೆ. ನಿಮ್ ನಾಲಿಗೇನೇ ಇನ್ನೂ ಸರಿಹೋಗಿಲ್ಲ, ಗುರಣ್ಣ."

ನಿಮ್ಮ ನಗು ನಿಂತಿತು. ಅದನ್ನು ನಾನು ನೋಡಿದೆ. "ಇರಬಹುದೇನೋ," ಎಂದು ಗ್ಲಾಸನ್ನು ಮತ್ತೆ ಎತ್ತಿಕೊಂಡಿರಿ — ಪೂರ್ತಿ ಕುಡಿದಿರಿ. ನಾನೂ ನನ್ನದನ್ನು ಮುಗಿಸಿದೆ, ಸುಳ್ಳು ಉಳಿಯಬೇಕಲ್ಲ.

ಸಂಜೆ ಪಬ್ಬಿನ ಮಾಲೀಕ ನನಗೆ ಮೆಸೇಜು ಮಾಡಿದ: ಪೀಪಾಯಿ ಕೆಟ್ಟಿತ್ತು, ಚೆಲ್ಲಿಬಿಟ್ಟೆ, ಕ್ಷಮಿಸು. ಅದನ್ನು ನಿಮಗೆ ತೋರಿಸಲಿಲ್ಲ.

ಈಗಲೂ ಶನಿವಾರ ಬರುತ್ತೀರಿ. ಆದರೆ ಹಲಗೆಯನ್ನು ಓದುವುದಿಲ್ಲ. ನನ್ನ ಮೊದಲ ಗುಟುಕಿಗೆ ಕಾದು "ಹೆಂಗದ?" ಎನ್ನುತ್ತೀರಿ, ನಾನು ಹೇಳಿದ್ದಕ್ಕೆ ತಲೆಯಾಡಿಸುತ್ತೀರಿ. ಮೊನ್ನೆ ಸುಧಕ್ಕ ನಗುತ್ತಲೇ ಹೇಳಿದರು — "ಸಾರಿಗೆ ಉಪ್ಪು ಸರಿ ಅದ ಇಲ್ಲೋ ಅಂತ ಈಗ ನನ್ನೇ ಕೇಳ್ತಾರ ನೋಡು." ನನಗೆ ನಗಲು ಆಗಲಿಲ್ಲ. ನಿಮ್ಮ ಊಟದವರೆಗೂ — ಅಷ್ಟು ದೂರ ಹೋಗಿದೆ ನನ್ನ ಮಾತು.

ಆ ಮೆಸೇಜು ಇನ್ನೂ ಫೋನಿನಲ್ಲಿದೆ. ಈ ಶನಿವಾರ ಅದನ್ನು ನಿಮ್ಮ ಮುಂದಿಡುತ್ತೇನೆ. ನೀವು ಬೈಯಬಹುದು, ಎದ್ದು ಹೋಗಲೂಬಹುದು. ಕೂತರೆ — ಗ್ಲಾಸು ಬಂದಾಗ ನಾನು ನನ್ನದನ್ನು ಮುಟ್ಟುವುದಿಲ್ಲ. ನೀವು ಕುಡಿದು ಹೇಳುವವರೆಗೆ ಕಾಯುತ್ತೇನೆ.