ಕಾಲು ಹತ್ತಿದ್ದಕ್ಕ ನಮಸ್ಕಾರ

ಆ ವರ್ಷ ನಮ್ಮ ಕಾಲೇಜಿನ ಹುಡುಗ್ಯಾರ ಫುಟ್‌ಬಾಲ್ ಟೀಮು ಆರು ಮ್ಯಾಚ್ ಆಡ್ತು, ಆರೂ ಸೋತ್ತು. ಮೊದಲಿನ ಐದರ ಪಾಪ ಹನ್ನೊಂದು ಮಂದಿ ಹಂಚ್ಕೊಂಡ್ವಿ. ಆರನೇದು ನನ್ನೊಬ್ಬಾಕೀದು. "ಬಿಡವಾ, ಆಟ ಅಂದಮ್ಯಾಲ ಸೋಲು ಗೆಲುವು ಇರೂದ" ಅಂತಾರ ಮಂದಿ. ಅವರಿಗೇನ್ ಗೊತ್ತು, ಮಣ್ಣು!

ಆ ಟೀಮು ಕಟ್ಟಿದವ್ರು ನಮ್ಮ ಆಟದ ಮೇಡಮ್ಮಾರು. ಅವರದು ಕಾಯಂ ನೌಕರಿ ಅಲ್ಲ, ವರ್ಷಾ ವರ್ಷಾ ಕಾಲೇಜಿನವ್ರು ಕರದ್ರ ಬರಬೇಕು. ಗೋಪನಕೊಪ್ಪದ ನಮ್ಮ ಮನಿಗೆ ಮೂರು ಸಲ ಬಂದು, ಮೂರು ಸಲ ಚಹಾ ಕುಡದು, "ನಿಮ್ಮ ಮಗಳ ಕಾಲಾಗ ಬಲ ಐತ್ರಿ ಅಕ್ಕಾರ, ಆಡಾಕ ಕಳಸ್ರಿ" ಅಂತ ಬೇಡ್ಕೊಂಡಿದ್ರು. ನಮ್ಮವ್ವ "ಬಾಯಾಗೂ ಭಾಳ ಐತ್ರಿ, ಅದನ್ನೂ ಒಯ್ಯಿರಿ" ಅಂದು ನನ್ನ ಕಳಿಸಿದ್ಲು. ಹಿಂಗ ಒಂದೊಂದ ಮನಿ ತಿರುಗಿ ಕೂಡಿಸಿದ ಟೀಮು ಅದು.

ಮ್ಯಾಚ್ ಸುರು ಆಗೂಕಿಂತ ಮೊದಲ ಪ್ರಿನ್ಸಿಪಾಲರು ಮೇಡಮ್ಮಾರನ್ನ ಕರದು, "ಈ ಸಲ ಒಂದರ ಗೆದ್ದು ತೋರಸ್ರಿ. ಇಲ್ಲಾಂದ್ರ ಮುಂದಿನ ವರ್ಷ ಟೀಮೂ ಬ್ಯಾಡ, ನೀವೂ ಬರೂದು ಬ್ಯಾಡ" ಅಂದುಬಿಟ್ರಂತ. ಮೇಡಮ್ಮಾರು ಸಂತ್ಯಾಗ ಬದನಿಕಾಯಿ ಕೇಳಿದಂಗ ಚೌಕಾಸಿಗೆ ನಿಂತು, "ಗೆಲ್ಲೂದು ದೊಡ್ಡ ಮಾತಾತ್ರಿ ಸರ್, ಒಂದು ಡ್ರಾ ಆದ್ರ ಸಾಕನ್ರಿ" ಅಂತ ಒಪ್ಪಿಸಿ ಬಂದ್ರು. ಅಷ್ಟ ಬೇಕಿತ್ತು ನಮಗ. ಒಂದ ಒಂದು ಡ್ರಾ.

ಆದ್ರ ನಮ್ಮ ರೋಗನ ಬ್ಯಾರೆ ಇತ್ತು. ಸಣ್ಣವರಿದ್ದಾಗಿಂದ ಮನ್ಯಾಗ ಕಲಿಸ್ಯಾರ, ಯಾರಿಗರ ಕಾಲು ಹತ್ತಿದ್ರ ಬಗ್ಗಿ ಅವರನ್ನ ಮುಟ್ಟಿ, ಆ ಕೈ ಕಣ್ಣಿಗೆ ಹಚ್ಕೋಬೇಕು. ಈಗ ನೀವ ಹೇಳ್ರಿ, ಫುಟ್‌ಬಾಲಿನಾಗ ಕಾಲು ಹತ್ತಲಾರದ ಇರ್ತೈತೇನು? ಮೊದಲ ವಾರ ಬಡದಾಕಿ ಬಗ್ಗೂದು, ಬಡಿಸ್ಕೊಂಡಾಕೀನೂ ತಿರುಗಿ ಬಗ್ಗೂದು, ಬಾಲು ತನ್ನಷ್ಟಕ್ಕ ತಾ ಉರುಳ್ಕೋತ ಹೋಗೂದು. ಹಳೇ ಹುಬ್ಬಳ್ಳಿಯಿಂದ ಬರ್ತಿದ್ದ ನಮ್ಮ ಗೋಲ್‌ಕೀಪರ್, ನನ್ನ ಜೀವದ ಗೆಳತಿ, "ನಿಮ್ಮ ನಮಸ್ಕಾರ ಮುಗದಮ್ಯಾಲ ಎಬ್ಬಿಸ್ರೆವಾ, ಅಲ್ಲೀತನಕ ನಾ ಒಂದು ನಿದ್ದಿ ತಗೀತೇನಿ" ಅಂತ ಕಾಡ್ತಿದ್ಲು.

ಮೇಡಮ್ಮಾರು ಸಿಟ್ಟಿಗೆದ್ರು. "ಇದು ಮೈದಾನ, ಗುಡಿ ಅಲ್ಲ! ಇನ್ನಮ್ಯಾಲ ಬಗ್ಗಿದಾಕಿ ಮೈದಾನ ಒಂದು ಸುತ್ತು ಓಡಬೇಕು" ಅಂದ್ರು. ಎಲ್ಲಾರಕಿಂತ ಹೆಚ್ಚು ಓಡಿದಾಕಿ ನಾನ. ಮನಿಗೆ ಬಂದು ಕಾಲಿನ ಮೀನಖಂಡ ತಿಕ್ಕೋತ ಕುಂತ್ರ ನಮ್ಮವ್ವ, "ನಮಸ್ಕಾರ ಮಾಡಿದ್ದಕ್ಕ ಶಿಕ್ಷಾ ಕೊಡೂ ಸಾಲಿ ನಾ ಎಲ್ಲೂ ಕಂಡಿಲ್ಲ ಬಿಡ" ಅಂತ ಗೊಣಗತಿದ್ಲು.

ಮೊದಲ ಮ್ಯಾಚು ಧಾರವಾಡದಾಗ. ಏಳು ಗೋಲು ತಿಂದು ಬಂದ್ವಿ. ಮೈದಾನನ ಸರಿ ಇರಲಿಲ್ಲ ಅಂತ ನಾ ಬಾಯಿ ಮಾಡಿದ್ರ, ಮೇಡಮ್ಮಾರು "ಕುಣೀಲಾಕ ಬರದಾಕಿ ನೆಲಾ ಡೊಂಕು ಅಂದ್ಲಂತ" ಅಂತ ನಕ್ಕು ಎಲ್ಲಾರಿಗೂ ಗಿರ್ಮಿಟ್ ತಿನ್ನಿಸಿದ್ರು. ಆಮ್ಯಾಲ ಐದು ಗೋಲಿಗೆ ಸೋತ್ವಿ, ನಾಲ್ಕಕ್ಕ ಸೋತ್ವಿ, ಎರಡಕ್ಕ ಸೋತ್ವಿ. ಐದನೇ ಮ್ಯಾಚಿನಾಗ ಒಂದ ಗೋಲಿಗೆ ಸೋತ್ವಿ, ಅದೂ ಪೆನಾಲ್ಟಿಗೆ. ಆ ಮ್ಯಾಚಿನಾಗ ಯಾರೂ ಬಗ್ಗಲಿಲ್ಲ. ನನ್ನ ರೋಗ ವಾಸಿ ಆತು ಅಂತ ನಾ ಕಾಲೇಜಿನ ತುಂಬ ಡಂಗುರಾ ಸಾರಿದೆ. ಖೋಡಿ ಬಾಯಿ ನಂದು.

ಕಡೀ ಮ್ಯಾಚು ನಮ್ಮ ಮೈದಾನದಾಗ ಇತ್ತು. ಮೇಡಮ್ಮಾರು ಕುರ್ಚಿಮ್ಯಾಲ ಕೂಡಲಿಲ್ಲ, ಸುಣ್ಣದ ಗೆರಿ ಹತ್ರ ಸೀಟಿ ದಾರಾ ಕಡಕೋತ ನಿಂತಿದ್ರು. ಅವತ್ತು ನಾವು ಖರೇನ ಛಲೋ ಆಡಿದ್ವಿ. ನಮ್ಮ ಗೋಲ್‌ಕೀಪರ್ ಅಂತೂ ಎರಿ ಮಣ್ಣಾಗ ಉಳ್ಳಾಡಿ ಉಳ್ಳಾಡಿ ಎಂಟತ್ತು ಬಾಲು ಹಿಡದ್ಲು. ಮುಗೀಲಾಕ ಐದು ನಿಮಿಷ ಇತ್ತು. ನಮ್ಮದೂ ಗೋಲಿಲ್ಲ, ಅವರದೂ ಇಲ್ಲ.

ಎದುರಿನ ಟೀಮಿನ ಮುಂದ ಆಡೂ ಹುಡುಗಿ ಬಾಲು ತಗೊಂಡು ನಮ್ಮ ಗೋಲಿನ ಕಡೆ ನುಗ್ಗಿ ಬಂದ್ಲು. ನಾ ಅಡ್ಡ ಹೋಗಿ ಬಾಲು ಕಸಕೊಂಡೆ. ಆಕಿ ಮುಗ್ಗರಿಸಿ ಬಿದ್ಲು, ಬೀಳೂವಾಗ ನನ್ನ ಬೂಟು ಆಕಿ ತಲಿಗೆ ತಗಲ್ತು. ರೆಫ್ರಿ ಸೀಟಿ ಹೊಡೀಲಿಲ್ಲ. ಬಾಲು ನನ್ನ ಕಾಲ ಹತ್ರನ ಇತ್ತು, ಒಂದು ಒದ್ದಿದ್ರ ಮುಗೀತಿತ್ತು. ಆದ್ರ ತಲಿಗೆ ಕಾಲು ಹತ್ತಿತ್ತಲ್ಲ! ನನ್ನ ಕೈ ನನ್ನ ಕೇಳಲಿಲ್ಲ. ಬಗ್ಗಿದೆ, ಆಕಿ ತಲಿ ಮುಟ್ಟಿದೆ, ಕಣ್ಣಿಗೆ ಹಚ್ಕೊಂಡೆ. ಬಿದ್ದಾಕೀನೂ ಮಲಗಿದಲ್ಲೇ ನನ್ನ ಬೂಟು ಮುಟ್ಟಿ ಕಣ್ಣಿಗೆ ಹಚ್ಕೊಂಡ್ಲು. ಹಿಂದಿಂದ ಅವರ ಇನ್ನೊಬ್ಬಾಕಿ ಬಂದು ಬಾಲು ಒದ್ದಿದ್ದು ನನಗ ಸಪ್ಪಳ ಅಷ್ಟ ಕೇಳ್ತು. ತಿರುಗಿ ನೋಡೂದ್ರಾಗ ಬಾಲು ಬಲ್ಯಾಗ ಇತ್ತು.

ಹುಟ್ಟಗುಣ ಸುಟ್ರೂ ಹೋಗೂದಿಲ್ಲ ಅಂತಾರಲ್ಲ, ಸುಡಬೇಕಾಗಿತ್ತು ಅವತ್ತ ನನ್ನ ಕೈ. ಸದಾ ಕಾಡೂ ಗೆಳತಿ ಆ ದಿನ ಮಣ್ಣಾದ ಕೈಗವಸು ಬಿಚ್ಚಿ ನನ್ನ ಪಕ್ಕ ಕುಂತ್ಲು. ಆಕಿ ಬೈದಿದ್ರ ಎಷ್ಟೋ ಹಗುರ ಆಗ್ತಿತ್ತು. ಇದರಾಗ ಯಾರೋ ಮೊಬೈಲಿನಾಗ ವಿಡಿಯೋ ಮಾಡಿ ಊರ ತುಂಬ ಹಂಚಿದ್ರು. "ಸಂಸ್ಕಾರ ಅಂದ್ರ ಇದು" ಅಂತ ನಮ್ಮ ಕಾಕಾ ಸ್ಟೇಟಸ್ ಬ್ಯಾರೆ ಹಾಕಿದ. ಹಾಕಬ್ಯಾಡೋ ಕಾಕಾ ಅಂತ ಅತ್ತು ತಗಿಸಿದೆ. ಪ್ರಿನ್ಸಿಪಾಲರೂ ನನ್ನ ಕರದು ಶಹಬ್ಬಾಸ್ ಅಂದ್ರು. ಅದ ವಾರ ಮೇಡಮ್ಮಾರಿಗೆ ಮುಂದಿನ ವರ್ಷ ಬರೂದು ಬ್ಯಾಡ ಅಂತ ಹೇಳಿ ಕಳಿಸಿದ್ರು.

ಜೆರ್ಸಿ ವಾಪಸ್ ಕೊಡಾಕ ಹೋದಾಗ ಮೇಡಮ್ಮಾರು ಆಟದ ಸಾಮಾನಿನ ಖೋಲ್ಯಾಗ ಒಬ್ರ ಕುಂತು ಬಾಲುಗಳನ್ನ ಬಲಿ ಚೀಲಕ್ಕ ತುಂಬಾಕತ್ತಿದ್ರು. "ನಂದ ತಪ್ಪಾತ್ರಿ, ನಿಮ್ಮ ಅನ್ನ ಕಳದೆ" ಅಂತ ಹೇಳಬೇಕು, ದಾರಿ ತುಂಬ ಅದನ್ನ ಬಾಯಿಪಾಠ ಮಾಡ್ಕೋತ ಬಂದಿದ್ದೆ. ಆದ್ರ ಪಕ್ಕದಾಗ ಕುಂತು ಬಾಲು ಎತ್ತಿ ಎತ್ತಿ ಕೊಟ್ಟೆ. ಚೀಲದ ಬಾಯಿ ಕಟ್ಟಿ ಮೇಡಮ್ಮಾರು ಏಳೂವಾಗ ಅವರ ಕಾಲು ನನ್ನ ಮೊಣಕಾಲಿಗೆ ಹತ್ತಿತು.

ತಟ್ಟನ ಬಗ್ಗಿದ್ರು. ನನ್ನ ಮೊಣಕಾಲು ಮುಟ್ಟಿ ಕೈ ಕಣ್ಣಿಗೆ ಹಚ್ಕೊಂಡ್ರು.

ಹಚ್ಕೊಂಡ ಕೈ ಹಂಗ ಕಣ್ಣಮ್ಯಾಲ ಉಳೀತು. "ನಾನೂ ಒಂದು ಸುತ್ತು ಓಡಬೇಕಾತಲ್ಲವಾ ಈಗ" ಅಂದ್ರು. ನಗಾಕ ನೋಡಿದ್ರು, ಆಗಲಿಲ್ಲ. ನಾ ಗೊಳೋ ಅಂತ ಅತ್ತೆ. ಅವರು ನನ್ನ ತಲಿ ಸವರಿ, ಖೋಲಿಗೆ ಕೀಲಿ ಹಾಕಿ, ಅದನ್ನ ಆಫೀಸಿಗೆ ಒಪ್ಪಿಸಿ ಹೋದ್ರು. ತಪ್ಪಾತ್ರಿ ಅನ್ನೂದು ನನ್ನ ಬಾಯಾಗ ಹಂಗ ಉಳದೈತಿ.