ಡೈರಿ ದಿಬ್ಬದ ಸಿಗ್ನಲ್

ಸಮೇತನಹಳ್ಳಿ ಕಡೆಯ ಒಂದು ತೋಟದ ಮನೆಯಲ್ಲಿ ಸಿಗ್ನಲ್ ಇಲ್ಲ ಅಂತ ನಮ್ಮ ಮೊಬೈಲ್ ಕಂಪನಿಗೆ ದೂರು ಬಂದಿತ್ತು. ಬೆಳಿಗ್ಗೆಯೇ ಟವರಿನ ಆಂಟೆನಾ ಆ ಕಡೆಗೆ ತಿರುಗಿಸಿ, ಏನಾಯಿತೆಂದು ನೋಡಲು ಬೈಕಿನಲ್ಲಿ ಹೋದೆ. ದೂರು ಕೊಟ್ಟ ಜಯಮ್ಮನವರ ಫೋನಿನಲ್ಲಿ ಒಂದು ಕಡ್ಡಿಯೂ ಇಲ್ಲ. ನನ್ನದರಲ್ಲೂ ಇಲ್ಲ.

‘ಸರಿಹೋಗಿಲ್ಲ ಅಂತಾನೇ ಹಾಕ್ತೀನಮ್ಮ. ನಿಮ್ಮ ಫೋನಿಗೊಂದು ಓಟಿಪಿ ಬರುತ್ತೆ, ಹೇಳಿ’ ಅಂದೆ, ಅಭ್ಯಾಸಬಲದಿಂದ. ಸರಿಹೋಯಿತು ಅನ್ನಲಿ, ಇಲ್ಲ ಅನ್ನಲಿ, ಗ್ರಾಹಕರ ಓಟಿಪಿ ಹಾಕದೆ ನಮ್ಮ ಆಪ್ ಮುಂದಕ್ಕೆ ಹೋಗುವುದಿಲ್ಲ.

‘ಸಿಗ್ನಲ್ಲೇ ಇಲ್ವಲ್ಲಪ್ಪಾ, ಅದೆಲ್ಲಿಂದ ಬರುತ್ತೆ?’

ಕೊನೆಗೆ ಅವರೇ ಕನಿಕರಪಟ್ಟು, ‘ನಡಿ, ಡೈರಿ ದಿಬ್ಬದ ಮೇಲೆ ಸಿಗುತ್ತೆ’ ಎಂದು ಸೆರಗು ಸಿಕ್ಕಿಸಿಕೊಂಡು ಬೈಕ್ ಹತ್ತಿದರು.

ದಿಬ್ಬದ ಮೇಲೆ ಓಟಿಪಿ ಥಟ್ಟನೆ ಬಂತು. ಹಾಕಿದೆ. ‘ಸರಿಹೋಗಿಲ್ಲ’ ಅನ್ನುವುದನ್ನು ನಾನು ಒತ್ತುವ ಮೊದಲೇ ಆಪ್ ತಾನಾಗಿಯೇ ನಿಂತ ಜಾಗದ ಸಿಗ್ನಲ್ ಅಳೆದು, ‘ಅತ್ಯುತ್ತಮ, ದೂರು ಇತ್ಯರ್ಥ’ ಎಂದು ಹಸಿರು ಗುರುತು ಹಾಕಿಬಿಟ್ಟಿತು.

ನನಗೇ ನಾಚಿಕೆಯಾಯಿತು. ‘ಇನ್ನೊಂದು ದೂರು ಕೊಡಿ ಅಮ್ಮ. ಈ ಸಲ ಮನೆಯಿಂದಲೇ ಕೊಡಿ, ದೂರು ಕೊಟ್ಟ ಜಾಗವನ್ನೇ ಆಪ್ ಬರೆದುಕೊಳ್ಳುತ್ತೆ’ ಅಂದೆ.

ಜಯಮ್ಮ ನನ್ನ ಮುಖವನ್ನೇ ನೋಡಿದರು. ‘ಮನೇಲಿ ಸಿಗೋ ಹಂಗಿದ್ರೆ ದೂರು ಯಾಕಪ್ಪಾ ಕೊಡ್ತಿದ್ದೆ? ಮೊದಲ್ನೇದೂ ಇಲ್ಲೇ ನಿಂತ್ಕೊಂಡು ಕೊಟ್ಟಿದ್ದು.’

ಆ ತಿಂಗಳ ಮೀಟಿಂಗಿನಲ್ಲಿ ನನಗೆ ಚಪ್ಪಾಳೆ ಬಿತ್ತು. ಡೈರಿ ದಿಬ್ಬದ ಸಿಗ್ನಲ್ಲನ್ನು ಒಂದೇ ದಿನದಲ್ಲಿ ಸರಿಮಾಡಿದ್ದಕ್ಕೆ.